ಬೀಸಣಿಗೆ ಹಲಗೆಯ ಮೇಲಿಂದ

ನನ್ನ ಭಾವ ವೆಂಡೆಲ್ ಟ್ರಾಕ್ಸೆಲ್‌ನಂಥ ನೇರ ಮನುಷ್ಯನನ್ನು ಮನೆಯಲ್ಲಿಟ್ಟುಕೊಂಡು ಬಾಳುವುದು ಎಂಥ ಪಾಡು ಅನ್ನುವುದನ್ನು ನನ್ನ ಅಕ್ಕ ನೆಡ್ರಾಳ ಬಾಯಿಂದಲೇ ಕೇಳಬೇಕು. ಅವನು ನಮ್ಮ ಕೌಂಟಿಯ ತೂಕ-ಅಳತೆಯ ಇನ್ಸ್‌ಪೆಕ್ಟರ್. ಪೆಟ್ರೋಲ್ ಬಂಕಿನ ಪಂಪು, ಜೋಳದ ಮಿಲ್ಲಿನ ತಕ್ಕಡಿ, ಮಾಂಸದಂಗಡಿಯ ಮುಳ್ಳು, ಎಲ್ಲವನ್ನೂ ನೋಡಿ ಮೊಹರು ಹಾಕುವವನು ಅವನೇ. ಒಂದು ಸಲ ಚರ್ಚಿನ ಮಾರಾಟದ ದಿನ ನಾನು ಬೆಣ್ಣೆ ಇಟ್ಟುಕೊಂಡು ಕೂತಿದ್ದೆ. ಬಂದ, ಒಂದು ಪೌಂಡಿನ ಉಂಡೆ ಎತ್ತಿ ತೂಗಿದ, ಪಾದ್ರಿಯ ಎದುರಿಗೇ "ಮೇವಿಸ್, ಅರ್ಧ ಔನ್ಸ್ ಕಮ್ಮಿ ಇದೆ" ಅಂದ.

"ಕಾಗದದ ತೂಕಾನೂ ಸೇರಿಸ್ಕೊಳಯ್ಯಾ" ಅಂದೆ.

"ಕಾಗದಾನ ಯಾರೂ ಬ್ರೆಡ್ಡಿಗೆ ಹಚ್ಕೊಂಡು ತಿನ್ನಲ್ಲ" ಅಂದ.

ನಾನೂ ಅವನೂ ಒಂದೇ ಕ್ಲಾಸಿನಲ್ಲಿ ಓದಿದವರು, ಹಾಗಾಗಿ ನನಗೆ ಅವನ ಮೇಲೆ ಮರ್ಯಾದೆ ಎಷ್ಟಿದೆಯೋ ಸದರವೂ ಅಷ್ಟೇ ಇದೆ. ಅವನ ಬಾಯಲ್ಲಿ ಸುಳ್ಳು ಅನ್ನುವುದು ಬರುವುದೇ ಇಲ್ಲ. ಮದುವೆಗೆ ಮುಂಚೆ ಅಕ್ಕ ಒಂದು ಹಸಿರು ಟೋಪಿ ಹಾಕಿಕೊಂಡು ಬಂದು ಹೇಗಿದೆ ಅಂತ ಕೇಳಿದಳಂತೆ. "ಟೋಪಿ ಚೆನ್ನಾಗಿದೆ, ಆದ್ರೆ ಅದು ಬೇರೆ ಯಾರಿಗಾದ್ರೂ ಒಪ್ಪತ್ತೆ" ಅಂದನಂತೆ. ಆದರೂ ಅವಳು ಅವನನ್ನೇ ಮದುವೆಯಾದಳು. ಇವನು ಚೆನ್ನಾಗಿದೆ ಅಂದ ದಿನ ಅದು ನಿಜವಾಗಿಯೂ ಚೆನ್ನಾಗಿರುತ್ತದೆ, ಆ ಒಂದು ದಿನಕ್ಕಾಗಿ ಕಾಯಬಹುದು ಅನ್ನುವುದು ಅವಳ ವಾದ.

ಇಂಥವನು ರೆಫರಿಯಾಗದೆ ಇನ್ನೇನಾದಾನು? ಚಳಿಗಾಲ ಬಂತೆಂದರೆ ವಾರಕ್ಕೆರಡು ಸಂಜೆ ಸುತ್ತಮುತ್ತಲ ಊರುಗಳ ಹೈಸ್ಕೂಲು ಬಾಸ್ಕೆಟ್‌ಬಾಲ್ ಆಟಗಳಿಗೆ ಸೀಟಿ ಊದಲು ಹೋಗುತ್ತಿದ್ದ. ಪ್ರತಿ ಗುರುವಾರ ಆ ಸೀಟಿಯನ್ನು ಅಡುಗೆ ಸೋಡಾ ಹಾಕಿ ಕುದಿಸುತ್ತಿದ್ದ, ಅದೂ ಅಕ್ಕನ ಸಾರಿನ ಪಾತ್ರೆಯಲ್ಲಿ. ಪಟ್ಟೆಪಟ್ಟೆ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಯಾವ ಅಂಗಿ ಹಾಕಿದರೂ ಜೇಬಿನಲ್ಲಿ ನಿಯಮಗಳ ಪುಟ್ಟ ಪುಸ್ತಕ. ಊಟಕ್ಕೆ ಕೂತಾಗ ಯಾರಾದರೂ ಹಿಂದಿನ ದಿನದ ಆಟದ ಮಾತೆತ್ತಿದರೆ ಮುಗಿಯಿತು, ಪುಸ್ತಕ ಹೊರಗೆ ಬರುತ್ತಿತ್ತು, ಮಾಂಸ ಆರಿ ತಣ್ಣಗಾಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಚೆಂಡು ಮತ್ತು ಹಲಗೆಯ ವಿಷಯದಲ್ಲಿ ಒಂದೇ ಒಂದು ತಪ್ಪು ಸೀಟಿ ಊದಿದವನಲ್ಲ.

ಹಲಗೆ ಅಂದೆನಲ್ಲ, ಬುಟ್ಟಿಯ ಹಿಂದಿನ ಹಲಗೆ. ನಮ್ಮ ಪ್ಲಮ್ ಫೋರ್ಕ್ ಊರಿನ ಮಾನ ಮರ್ಯಾದೆಯೆಲ್ಲ ನೇತುಹಾಕಿದ್ದು ಆ ಹಲಗೆಗೇ. ಬೇರೆ ಊರಿನ ಜಿಮ್ಮುಗಳಲ್ಲೆಲ್ಲ ಚೌಕದ ಗಾಜಿನ ಹಲಗೆ ಬಂದು ಎಷ್ಟೋ ವರ್ಷವಾಗಿತ್ತು. ನಮ್ಮಲ್ಲಿ ಮಾತ್ರ ಹಳೇ ಕಾಲದ ಉಕ್ಕಿನ ಹಲಗೆ. ಮೇಲೆ ದುಂಡಗೆ, ಕೆಳಗೆ ಕಿರಿದಾಗಿ, ಬಿಚ್ಚಿದ ಬೀಸಣಿಗೆಯ ಹಾಗಿತ್ತು.

ಈಗ ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿಗೆ ಬರುತ್ತೇನೆ. ಆಗ ವೆಂಡೆಲ್‌ಗೆ ಹದಿನೈದು. ಗಿಡ್ಡ, ಕಡ್ಡಿ ಕಾಲು, ಕಿವಿ ಮಾತ್ರ ದೊಡ್ಡದು. ಪಕ್ಕದ ಕೆಟಲ್ ಬೆಂಡ್ ಊರಿನವರ ಮೇಲೆ ಆಟ. ಅವರು ಆಳೆತ್ತರದ ದಾಂಡಿಗರ ಪಡೆ. ಇವನನ್ನು ಒತ್ತಿಕೊಂಡು ಒತ್ತಿಕೊಂಡು ಹೋಗಿ ಹಲಗೆಯ ಹಿಂದಕ್ಕೆ ತಳ್ಳಿದರು. ಹಲಗೆಯ ಬೆನ್ನಿಗೂ ಮೈದಾನದ ಗೆರೆಗೂ ನಡುವೆ ನಾಲ್ಕಡಿ ಜಾಗ ಇರುತ್ತದೆ. ಅಲ್ಲಿ ಸಿಕ್ಕಿಬಿದ್ದರೆ ಬುಟ್ಟಿ ಕಾಣಿಸುವುದಿಲ್ಲ, ಹಲಗೆಯ ಬೆನ್ನು ಮಾತ್ರ ಕಾಣಿಸುತ್ತದೆ. ವೆಂಡೆಲ್ ಬೇರೇನೂ ತೋಚದೆ ಚೆಂಡನ್ನು ಆ ದುಂಡು ನೆತ್ತಿಯ ಮೇಲಿಂದ ಎತ್ತಿ ಎಸೆದ. ಅದು ಹಲಗೆ ದಾಟಿ, ಆಚೆ ಇಳಿದು, ಬುಟ್ಟಿಯೊಳಗೆ ಬಿತ್ತು. ನಾವು ಒಂದು ಪಾಯಿಂಟಿನಿಂದ ಗೆದ್ದೆವು. ಅವನ ಫೋಟೋ ಈಗ ಡಾಟಿ ನಡೆಸುವ ಊರ ಹೋಟೆಲಿನ ಗೋಡೆಗೆ ಏರಿತು.

ಊರು ಆ ಎಸೆತಕ್ಕೆ "ಬೇಲಿ ಹಾರಿಕೆ" ಅಂತ ಹೆಸರಿಟ್ಟಿತು. ವೆಂಡೆಲ್ ತನ್ನ ಕೊಟ್ಟಿಗೆಯಲ್ಲಿ ಮರದ ಬೀಸಣಿಗೆ ಹಲಗೆಯೊಂದನ್ನು ಹೊಡೆದು ನಿಲ್ಲಿಸಿ, ಊರಿನ ಮಕ್ಕಳಿಗೆಲ್ಲ ಅದನ್ನು ಕಲಿಸಿದ. ಅವನಿಗೂ ಅಕ್ಕನಿಗೂ ಮಕ್ಕಳಿಲ್ಲ. ನನ್ನ ಮಗಳು ಟ್ವೈಲಾ, ತಡವಾಗಿ ಹುಟ್ಟಿದವಳು, ಏಳನೇ ವಯಸ್ಸಿನಿಂದ ಆ ಕೊಟ್ಟಿಗೆಯಲ್ಲೇ ಬೆಳೆದಳು. ಅವಳ ಬೇಲಿ ಹಾರಿಕೆ ನೋಡಿ ವೆಂಡೆಲ್ "ಚೆನ್ನಾಗಿದೆ" ಅಂದ ದಿನ ನೆಡ್ರಾ ನನಗೆ ಫೋನ್ ಮಾಡಿ ಹೇಳಿದಳು.

ಇನ್ನು ನನ್ನ ಪಾಪದ ಕಥೆ. ಎಪ್ಪತ್ತೇಳರ ಬೇಸಿಗೆಯಲ್ಲಿ ಸ್ಕೂಲ್ ಬೋರ್ಡಿನ ಹಾರ್ಲನ್ ಬಿಕ್ಸ್ಲರ್‌ಗೆ ನಮ್ಮ ಜಿಮ್ಮಿಗೂ ಗಾಜಿನ ಹಲಗೆ ಬೇಕು ಅನ್ನುವ ಹುಚ್ಚು ಹಿಡಿಯಿತು. ಹಾರ್ಲನ್‌ಗೆ ಮುನ್ನೂರು ಹಂದಿ, ಮುನ್ನೂರಕ್ಕೂ ಸೇರಿಸಿ ಒಂದೇ ಗಂಟಲು, ಅದು ಅವನದು. ಅವನು ಕೂಗಿದರೆ ಊರು ಹೂಂ ಅನ್ನುತ್ತದೆ. ಊರವರ ಸಭೆ ಸೇರಿತು, ಹೆಂಗಸರೆಲ್ಲ ಹಾಲು-ಸಕ್ಕರೆಯ ಪೈ ಮಾಡಿಕೊಂಡು ಬಂದಿದ್ದೆವು. ಕಾರ್ಯದರ್ಶಿ ನಾನು, ನಡಾವಳಿ ಪುಸ್ತಕ ನನ್ನ ತೊಡೆಯ ಮೇಲೆ. ಎಲ್ಲರೂ ಕೈ ಎತ್ತುವ ಹೊತ್ತಿಗೆ ವೆಂಡೆಲ್ ಎದ್ದು ನಿಂತ. ಜೇಬಿಗೆ ಕೈ ಹಾಕಿದ. ಇಡೀ ಸಭೆ ಒಟ್ಟಿಗೆ ನರಳಿತು.

"ಶುರು ಆಯ್ತಪ್ಪಾ ಕೊರೆತ" ಅಂದ ಹಾರ್ಲನ್.

"ಹಲಗೆ ಅಂದ್ರೆ ಎಲ್ಲಾ ಒಂದೇ ಅಲ್ಲ" ಅಂತ ವೆಂಡೆಲ್ ಶುರು ಮಾಡಿದ. "ಹಲಗೆಯ ಮುಖಕ್ಕೆ ತಾಗಿದ್ರೆ ಚೆಂಡು ಜೀವಂತ, ಆಟ ಮುಂದುವರಿಯತ್ತೆ. ಪಕ್ಕದ ಅಂಚು, ಮೇಲಿನ ಅಂಚು, ಕೆಳಗಿನ ಅಂಚು, ಇದಕ್ಕೆ ತಾಗಿದ್ರೂ ಜೀವಂತ. ಬೆನ್ನಿಗೆ ತಾಗಿದ್ರೆ ಸತ್ತಿತು. ಇದು ಎರಡು ಥರದ ಹಲಗೆಗೂ ಸೈ. ಆದ್ರೆ..."

"ವೆಂಡೆಲ್, ಕೂತ್ಕೊಳಯ್ಯಾ! ಪೈ ಮೇಲೆ ನೊಣ ಕೂರ್ತಿದೆ" ಅಂದೆ. ನಾನೇ ಅಂದದ್ದು. ಎಲ್ಲರೂ ಘೊಳ್ಳೆಂದು ನಕ್ಕರು. ತಟ್ಟೆಗಳ ಸದ್ದು ಶುರುವಾಯಿತು. ಅವನು ನಿಂತೇ ಇದ್ದ, ಏನೋ ಓದುತ್ತಲೇ ಇದ್ದ, ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ನನ್ನ ಹತ್ತಿರ ಬಂದ.

"ಬರ್ಕೊಂಡೆಯಾ ಮೇವಿಸ್? ಆ ಕೊನೇ ಸಾಲು ಮುಖ್ಯ. ಅದನ್ನ ಹುಡುಗಿಯರ ಕೋಚ್‌ಗೆ ತಲುಪಿಸ್ಬೇಕು. ರೆಫರಿಯಾಗಿ ನಾನು ಯಾವ ತಂಡಕ್ಕೂ ನಿಯಮದ ಕಿವಿಮಾತು ಹೇಳೋ ಹಾಗಿಲ್ಲ. ಟ್ವೈಲಾಗೂ ಹೇಳೋ ಹಾಗಿಲ್ಲ."

"ಬರ್ಕೊಂಡೆ ಮಾರಾಯಾ, ಬರ್ಕೊಂಡೆ. ತಲುಪಿಸ್ತೀನಿ. ಹೋಗಿ ಪೈ ತಿನ್ನು."

ನಾನು ಬರೆದದ್ದು ಇಷ್ಟು: "ವೆಂಡೆಲ್ ಟ್ರಾಕ್ಸೆಲ್ ಮಾತನಾಡಿದರು. ಪೈ ಬಡಿಸಲಾಯಿತು."

ಗಾಜಿನ ಹಲಗೆಗಳು ಬರುವುದು ತಡವಾಗಿ, ಡಿಸೆಂಬರಿನಲ್ಲಿ ಕೆಟಲ್ ಬೆಂಡಿನ ಆಟಕ್ಕೆ ಇನ್ನು ಒಂದೇ ವಾರ ಇದೆ ಅನ್ನುವಾಗ ಬಂದವು. ಹಳೆಯವುಗಳಲ್ಲಿ ಒಂದನ್ನು ಹಾರ್ಲನ್ ತನ್ನ ಹಂದಿ ದೊಡ್ಡಿಯ ಬಾಗಿಲಿಗೆ ಒಯ್ದ. ಇನ್ನೊಂದನ್ನು ನಾನು ಕೋಳಿ ಗೂಡಿನ ಚಾವಣಿಗೆ ತಂದುಕೊಂಡೆ. ಹೊಸ ಹಲಗೆಯ ತಲೆ ಎತ್ತರ, ಹಾಗಾಗಿ ಟ್ವೈಲಾ ಆ ವಾರವೆಲ್ಲ ಚೆಂಡನ್ನು ಇನ್ನೂ ಎತ್ತರಕ್ಕೆ ಎತ್ತುವುದನ್ನು ರೂಢಿ ಮಾಡಿಕೊಂಡಳು. ಕೋಚ್ ಮಿಸ್ ಆಬೆಲ್ ದೂರದ ಊರಿಂದ ಬಂದ ಹೊಸಬಳು, ಅವಳಿಗೆ ಹಲಗೆಗೂ ಹಲಗೆಗೂ ಇರುವ ವ್ಯತ್ಯಾಸ ಗೊತ್ತಿರಲಿಲ್ಲ. ಟ್ವೈಲಾಳಿಗೆ ಅದು ಹೈಸ್ಕೂಲಿನ ಕೊನೇ ವರ್ಷ. ನಮ್ಮ ಹುಡುಗಿಯರು ಕೆಟಲ್ ಬೆಂಡನ್ನು ಒಂದು ಸಲವೂ ಸೋಲಿಸಿರಲಿಲ್ಲ.

ಆಟದ ದಿನ ರಸ್ತೆಯೆಲ್ಲ ಮಂಜುಗಡ್ಡೆ. ಬರಬೇಕಾಗಿದ್ದ ಇಬ್ಬರು ರೆಫರಿಗಳಲ್ಲಿ ಒಬ್ಬನ ಕಾರು ಜಾರಿ ಹಳ್ಳಕ್ಕೆ ಇಳಿಯಿತು. ಸ್ವಂತ ಊರಿನ ಆಟಕ್ಕೆ ರೆಫರಿ ನಿಲ್ಲುವ ಪದ್ಧತಿ ಇಲ್ಲ. ಆದರೆ ಕೆಟಲ್ ಬೆಂಡಿನ ಕೋಚೇ ಬಂದು ಹೇಳಿದ: "ವೆಂಡೆಲ್ ಆದ್ರೆ ನಂಗೆ ಒಪ್ಪಿಗೆ. ಆ ಮನುಷ್ಯ ಹೆತ್ತ ತಾಯಿಗೂ ಫೌಲ್ ಕೊಡ್ತಾನೆ." ನೆಡ್ರಾ ಮನೆಗೆ ಓಡಿ ಪಟ್ಟೆ ಅಂಗಿ ತಂದಳು.

ಸ್ಕೋರ್ ಮೇಜಿನಲ್ಲಿ ಪೆನ್ಸಿಲ್ ಹಿಡಿದು ಕೂತವಳು ನಾನು. ಕೊನೇ ಆರು ಸೆಕೆಂಡು. ಅವರದು ನಲವತ್ತೆರಡು, ನಮ್ಮದು ನಲವತ್ತೊಂದು. ಟ್ವೈಲಾಳನ್ನು ಇಬ್ಬರು ಎತ್ತರದ ಹುಡುಗಿಯರು ಹಲಗೆಯ ಹಿಂದಕ್ಕೆ ಒತ್ತಿದರು. ಜಿಮ್ಮಿನಲ್ಲಿದ್ದ ಒಂಬೈನೂರು ಜನ ಒಟ್ಟಿಗೆ ಎದ್ದು ನಿಂತರು, ಯಾಕೆಂದರೆ ಮುಂದೇನು ಅನ್ನುವುದು ಎಲ್ಲರಿಗೂ ಗೊತ್ತು. ಅವಳು ಎತ್ತಿ ಎಸೆದಳು. ಚೆಂಡು ಗಾಜಿನ ಮೇಲಂಚನ್ನು ಮುಟ್ಟದೆ ದಾಟಿತು, ಬುಟ್ಟಿಗೆ ಬಿತ್ತು. ಹಾರ್ಲನ್ ತನ್ನ ಟೋಪಿಯನ್ನು ಚಾವಣಿಗೆ ಎಸೆದ. ಆ ಗಲಾಟೆಯಲ್ಲಿ ಸೀಟಿ ಊದಿದ್ದು ಮೊದಲು ಕೇಳಿಸಲೇ ಇಲ್ಲ.

ವೆಂಡೆಲ್ ಕೈ ಮೇಲೆತ್ತಿ ನಿಂತಿದ್ದ. ನೇರವಾಗಿ ನನ್ನ ಮೇಜಿಗೆ ಬಂದ.

"ಬರ್ಕೋ ಮೇವಿಸ್. ಪಾಯಿಂಟ್ ಇಲ್ಲ. ಚೆಂಡು ಅವರದು."

"ಏನಂದೆ?"

"ಚೌಕ ಹಲಗೆಯ ಮೇಲಿಂದ ದಾಟಿದ ಚೆಂಡು ಹೊರಗೆ. ಬೀಸಣಿಗೆ ಹಲಗೆಗೆ ಮಾತ್ರ ಆ ಕಟ್ಟು ಇಲ್ಲ. ಸಭೆಯಲ್ಲಿ ಓದಿದ್ನಲ್ಲ, ಕೊನೇ ಸಾಲು." ಅಷ್ಟು ಹೇಳಿ ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿ ಬರೆದುಕೊಂಡೆ.

"ಏ ವೆಂಡೆಲ್, ಅದು ನಿಂದೇ ಎಸೆತ ಕಣೋ! ನೀನೇ ಕಲಿಸಿದ್ದಲ್ವೇನೋ!" ಅಂತ ಹಾರ್ಲನ್ ಗಂಟಲು ಹರಿದುಕೊಂಡ. ಪಾಪ್‌ಕಾರ್ನ್ ಪೊಟ್ಟಣಗಳು ಹಾರಿ ಬಂದವು. ವೆಂಡೆಲ್ ಚೆಂಡನ್ನು ಕೆಟಲ್ ಬೆಂಡಿನ ಹುಡುಗಿಯ ಕೈಗೆ ಕೊಟ್ಟ. ಉಳಿದ ಸೆಕೆಂಡುಗಳೂ ಮುಗಿದವು. ನಾವು ಸೋತೆವು.

ಮಾರನೇ ದಿನದಿಂದ ಊರು ಅವನನ್ನು ಹುರಿದು ಮುಕ್ಕಿತು. ಡಾಟಿ ತನ್ನ ಹೋಟೆಲಿನಲ್ಲಿದ್ದ ಮೂವತ್ತೆಂಟರ ಫೋಟೋವನ್ನು ಗೋಡೆಯ ಕಡೆಗೆ ತಿರುಗಿಸಿ ಹಾಕಿದಳು. ವೆಂಡೆಲ್ ಅದರ ಕೆಳಗೇ ಕೂತು ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದು, ಡಾಟಿಗೆ ವಂದನೆ ಹೇಳಿ ಹೋದ. ಪೆಟ್ರೋಲ್ ಬಂಕಿನವನು, "ಪೈಪಿನ ಮೇಲಿಂದ ಪೆಟ್ರೋಲ್ ದಾಟಿದ್ರೆ ಅದೂ ಹೊರಗಾ ಇನ್ಸ್‌ಪೆಕ್ಟರ್ ಸಾಹೇಬ್ರೇ?" ಅಂತ ಕೇಳಿದನಂತೆ. ಇವನು ನಗದೆ ಪಂಪಿಗೆ ಮೊಹರು ಹಾಕಿದನಂತೆ. ಟ್ವೈಲಾ ಅವನ ಕೊಟ್ಟಿಗೆಯ ಕಡೆ ಕಾಲಿಡುವುದನ್ನೇ ನಿಲ್ಲಿಸಿದಳು.

"ಅಂಕಲ್ ವೆಂಡೆಲ್ ಹತ್ತು ವರ್ಷ ನಂಗೆ ಕಲಿಸಿದ್ದೆಲ್ಲಾ ಸುಳ್ಳಾ ಅಮ್ಮಾ?" ಅಂತ ಒಂದು ದಿನ ಕೇಳಿದಳು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ. ಆ ತಿಂಗಳು ನಮ್ಮ ಮನೆಯ ಪಾತ್ರೆಗಳು ಫಳಫಳ ಹೊಳೆಯುತ್ತಿದ್ದವು.

ಜನವರಿ ಕೊನೆಗೆ ಆ ದೊಡ್ಡ ಹಿಮಗಾಳಿ ಬಡಿಯಿತು. ಕರೆಂಟು ಹೋಯಿತು, ರಸ್ತೆ ಮುಚ್ಚಿತು. ನಮ್ಮ ಮನೆಯಲ್ಲಿ ಸೌದೆ ಒಲೆ ಇಲ್ಲ, ಅಕ್ಕನ ಮನೆಯಲ್ಲಿದೆ. ನಾನೂ ಟ್ವೈಲಾಳೂ ದಾರಿ ತಪ್ಪದಂತೆ ಹಗ್ಗ ಹಿಡಿದುಕೊಂಡು ಅಲ್ಲಿಗೆ ಸೇರಿಕೊಂಡೆವು. ನಾಲ್ಕು ದಿನ ನಾಲ್ಕು ಜನ ಒಂದೇ ಕೋಣೆಯಲ್ಲಿ. ಟ್ವೈಲಾ ಅವನ ಜೊತೆ ಇಸ್ಪೀಟು ಆಡಿದಳು, ಮಾತಾಡಲಿಲ್ಲ. ಅವಳು ತುರುಪಿನ ಬಣ್ಣ ಕೂಗುವುದನ್ನೂ ಬೆರಳಿನಲ್ಲೇ ತೋರಿಸಿದಳು.

ಮೂರನೇ ದಿನ ಬೆಳಗ್ಗೆ ದನಕ್ಕೆ ಹುಲ್ಲು ಹಾಕಲು ವೆಂಡೆಲ್ ಹೊರಟಾಗ ನಾನೂ ಜೊತೆಗೆ ಹೋದೆ. ಕೊಟ್ಟಿಗೆಯಲ್ಲಿ ಆ ಮರದ ಬೀಸಣಿಗೆ ಹಲಗೆ, ಅದರ ಬುಟ್ಟಿಯ ಬಳೆಗೆ ಹಿಮ ಕಟ್ಟಿತ್ತು.

"ನಾನು ಬರೀಲಿಲ್ಲ ಕಣೋ" ಅಂದೆ. "ಆ ಕೊನೇ ಸಾಲು. ಕೋಚ್‌ಗೂ ಹೇಳ್ಲಿಲ್ಲ. ಬರ್ಕೊಂಡೆ ಅಂತ ಸುಳ್ಳು ಹೇಳ್ದೆ."

"ಗೊತ್ತು."

"ಯಾವಾಗಿಂದ?"

"ನಿನ್ನ ಮುಖ ನೋಡಿದಾಗ್ಲೇ. ಮಾರನೇ ದಿನ ಹೋಗಿ ನಡಾವಳಿನೂ ಓದ್ದೆ. ಪೈ ಬಡಿಸಲಾಯಿತು ಅಂತ ಬರ್ದಿದ್ದೆ. ಅಕ್ಷರ ಚೆನ್ನಾಗಿದೆ."

"ಹಾಳಾದವ್ನೇ, ಮತ್ಯಾಕೆ ಯಾರಿಗೂ ಹೇಳ್ಲಿಲ್ಲ? ಆರು ವಾರದಿಂದ ಊರೆಲ್ಲಾ ನಿನ್ನ ತಲೆ ತಿಂತಿದೆ!"

"ಊದಿದ್ದು ನನ್ನ ಸೀಟಿ. ಬೈಗುಳ ನಂಗೆ ಅಭ್ಯಾಸ ಇದೆ ಮೇವಿಸ್, ಮೂವತ್ತು ಊರಲ್ಲಿ ಬೈಸ್ಕೊಂಡವನು ನಾನು. ನಿಂಗೆ ಆಗಿಬರಲ್ಲ." ಅವನು ಹುಲ್ಲು ಕೆದರಿ ದನದ ಮುಂದೆ ಹಾಕಿದ. "ಬೇಜಾರು ಅದಕ್ಕಲ್ಲ. ಮಕ್ಕಳಿಲ್ಲ ನಂಗೆ. ಈ ಊರಿಗೆ ನಾನು ಅಂತ ಕೊಟ್ಟಿದ್ದು ಅದೊಂದೇ ಎಸೆತ. ಅದನ್ನ ನಾನೇ ಊದಿ ಆರಿಸ್ಬಿಟ್ಟೆ. ಮಾರ್ಚ್ ಬರ್ಲಿ, ಲೈಸೆನ್ಸ್ ವಾಪಸ್ ಕಳಿಸ್ತೀನಿ. ಸೀಟಿ ಸಾಕು."

ನನಗೆ ಅಳು ಬಂತು. ಅಳುತ್ತಲೇ ಅವನಿಗೆ ಬೈದೆ. ಅಳು ಬಂದಾಗ ಬೈಯುವುದು ನನ್ನ ಹುಟ್ಟುಗುಣ.

ರಸ್ತೆ ತೆರೆದ ಮೊದಲ ಶನಿವಾರ ಮಧ್ಯಾಹ್ನ ಸ್ಕೂಲಿನ ಊಟದ ಕೋಣೆಯಲ್ಲಿ ಊರವರ ಸಭೆ. ದೊಡ್ಡ ಹಂಡೆಗಳಲ್ಲಿ ಮಾಂಸ, ಕಾಳು ಹಾಕಿದ ಚಿಲ್ಲಿ ಸಾರು ಕುದಿಯುತ್ತಿತ್ತು. ನಾನು ನಡಾವಳಿ ಪುಸ್ತಕ ಎತ್ತಿಕೊಂಡು ಬೆಂಚಿನ ಮೇಲೆ ಹತ್ತಿ ನಿಂತೆ. ಬೇಸಿಗೆಯ ಆ ಪುಟ ಓದಿದೆ. ಓದಿ, "ಇವನು ಅವತ್ತೇ ಹೇಳೋಕೆ ಬಂದಿದ್ದ. ಬಾಯಿ ಮುಚ್ಚಿಸಿದವಳು ನಾನು. ನಕ್ಕವರು ನೀವು. ಬೈಯೋದಿದ್ರೆ ಇಲ್ಲಿ ಬೈಯ್ರಿ" ಅಂತ ಎದೆ ತಟ್ಟಿಕೊಂಡೆ.

ಟ್ವೈಲಾ ಎದ್ದು ನಿಂತು "ಅಮ್ಮಾ!" ಅಂದಳು. ಆ ಒಂದು ಮಾತಿನಲ್ಲಿ ಮುಂದಿನ ಒಂದು ವಾರ ನನಗೆ ಸಿಗಲಿರುವುದೆಲ್ಲ ಇತ್ತು. ಆಮೇಲೆ ಅವಳು ಹೋಗಿ ವೆಂಡೆಲ್ ಪಕ್ಕದಲ್ಲಿ ಕೂತಳು, ಭುಜಕ್ಕೆ ತಲೆ ಇಟ್ಟಳು. ವೆಂಡೆಲ್ ತನ್ನ ಚಿಲ್ಲಿಯ ಬಟ್ಟಲನ್ನು ಅವಳ ಕಡೆ ಸರಿಸಿದ.

ಹಾರ್ಲನ್ ಕೆಮ್ಮಿದ. "ಅದೇನೋ ಹೇಳೋಕೆ ಬಂದಿದ್ಯಲ್ಲ ವೆಂಡೆಲ್, ಈಗ ಹೇಳು."

"ಒಂಬತ್ತು ನಿಮಿಷ ಆಗತ್ತೆ."

"ಓದಯ್ಯಾ."

ಅವನು ಪೂರ್ತಿ ಓದಿದ. ಚಿಲ್ಲಿ ತಳ ಹಿಡಿಯಿತು, ಒಬ್ಬರೂ ಎದ್ದು ಕಲಕಲಿಲ್ಲ. ಕೊನೇ ಸಾಲು ಬಂದಾಗ ಸಂಡೇ ಸ್ಕೂಲಿನ ಮಕ್ಕಳಿಗೆ ಹೇಳಿಸುವ ಹಾಗೆ ಮೂರು ಸಲ ಎಲ್ಲರ ಬಾಯಲ್ಲಿ ಹೇಳಿಸಿದ: ಚೌಕ ಹಲಗೆಯ ಮೇಲಿಂದ ದಾಟಿದ ಚೆಂಡು ಹೊರಗೆ, ಬೀಸಣಿಗೆ ಹಲಗೆಯ ಮೇಲಿಂದ ದಾಟಿದ ಚೆಂಡು ಒಳಗೇ.

"ಅಂದ್ರೆ ಹಳೇ ಹಲಗೆ ವಾಪಸ್ ಹಾಕಿದ್ರೆ...?" ಅಂತ ಡಾಟಿ ರಾಗ ಎಳೆದಳು.

"ಇವತ್ತಿಗೂ ಸಿಂಧು" ಅಂದ ವೆಂಡೆಲ್.

"ಅಯ್ಯೋ, ನನ್ನ ಹಂದಿ ದೊಡ್ಡಿ ಬಾಗ್ಲು!" ಅಂದ ಹಾರ್ಲನ್. ಇಡೀ ಸಭೆ ನಕ್ಕು ನಕ್ಕು ಸುಸ್ತಾಯಿತು. ಅವನೂ ನಕ್ಕ, ಆಮೇಲೆ ಎದ್ದು ಹೋಗಿ ವೆಂಡೆಲ್ ಕೈ ಕುಲುಕಿದ.

ಆ ಭಾನುವಾರ ಚರ್ಚು ಮುಗಿದ ಮೇಲೆ ಹಾರ್ಲನ್ ತನ್ನ ಬಾಗಿಲು ಕಿತ್ತು ತಂದ, ನಾನು ನನ್ನ ಚಾವಣಿ. ಒಂದಕ್ಕೆ ಹಂದಿಯ ವಾಸನೆ, ಇನ್ನೊಂದಕ್ಕೆ ಕೋಳಿಯ ಹಿಕ್ಕೆ. ಹೆಂಗಸರೆಲ್ಲ ಸೇರಿ ತಿಕ್ಕಿ ತಿಕ್ಕಿ ತೊಳೆದು, ಬಿಳಿ ಬಣ್ಣ ಬಳಿದೆವು. ವೆಂಡೆಲ್ ಟೇಪು ಹಿಡಿದು ಅಳೆದು, "ಕಾಲಂಗುಲ ಎಡಕ್ಕೆ" ಅಂತ ಎಲ್ಲರ ಪ್ರಾಣ ಹಿಂಡಿದ, ಯಾರೂ ಚಕಾರ ಎತ್ತಲಿಲ್ಲ. ಕೆಟಲ್ ಬೆಂಡಿನವರ ಜಿಮ್ಮಿನ ಚಾವಣಿ ಆ ಹಿಮಕ್ಕೆ ಕುಸಿದಿತ್ತು, ಹೊಸದು ಕಟ್ಟಬೇಕಿತ್ತು. ಗಾಜಿನ ಹಲಗೆಗಳನ್ನು ಅವರಿಗೇ ಧರ್ಮಕ್ಕೆ ಕೊಟ್ಟೆವು. "ತಗೊಳ್ಲಿ, ಅವರ ಮಕ್ಕಳು ಜನ್ಮದಲ್ಲಿ ಬೇಲಿ ಹಾರೋದು ಬೇಡ" ಅಂದ ಹಾರ್ಲನ್. ಅವರ ಜಿಮ್ಮು ಬಿದ್ದದ್ದರಿಂದ ಫೆಬ್ರವರಿಯ ಎರಡನೇ ಆಟವೂ ನಮ್ಮಲ್ಲೇ ಅಂತ ಗೊತ್ತಾಯಿತು.

ಆ ಆಟಕ್ಕೆ ರೆಫರಿಗಳು ಪೇಟೆಯ ಕಡೆಯವರು. ಒಬ್ಬ ಹಿರಿಯ, ಒಬ್ಬ ಎಳಸು ಮೀಸೆಯ ಇಪ್ಪತ್ತೈದರ ಪ್ರಾಯದವನು. ಅವನು ನಮ್ಮ ಹಲಗೆ ನೋಡಿ, "ಇದೇನು ಮ್ಯೂಸಿಯಮ್ಮಾ?" ಅಂದ. ವೆಂಡೆಲ್ ಆ ದಿನ ಸೀಟಿ ಇಲ್ಲದೆ, ಭಾನುವಾರದ ಕೋಟು ಹಾಕಿಕೊಂಡು ಮೂರನೇ ಸಾಲಿನಲ್ಲಿ ನೆಡ್ರಾಳ ಪಕ್ಕ ಕೂತಿದ್ದ. ತೊಡೆಯ ಮೇಲೆ ಪೈ ತಟ್ಟೆ.

ಕೊನೇ ನಿಮಿಷದಲ್ಲಿ ಮತ್ತೆ ಅದೇ ಕಥೆ. ನಾವು ಒಂದು ಹಿಂದೆ. ಕೆಟಲ್ ಬೆಂಡಿನ ಹುಡುಗಿಯರು ಈ ಸಲ ಮೂವರು ಬಂದು ಟ್ವೈಲಾಳನ್ನು ಹಲಗೆಯ ಹಿಂದಕ್ಕೆ ಒತ್ತಿದರು. ಅವಳು ಎತ್ತಿದಳು. ಚೆಂಡು ದುಂಡು ನೆತ್ತಿಯ ಮೇಲೆ ಏರುತ್ತಿರುವಾಗಲೇ ಎಳಸು ಮೀಸೆಯವನ ಸೀಟಿ ಕಿರುಚಿತು. ಪಾಪ, ಅವನು ಹುಟ್ಟಿದಾಗಿಂದ ನೋಡಿದ್ದೆಲ್ಲ ಚೌಕ ಹಲಗೆಯೇ. ಚೆಂಡು ಬುಟ್ಟಿಗೆ ಬಿತ್ತು. ಅವನು ಕೈ ಬೀಸಿ, "ಹೊರಗೆ! ಹಲಗೆ ಮೇಲಿಂದ ದಾಟಿತು!" ಅಂದ.

ಒಬ್ಬರೂ ಪಾಪ್‌ಕಾರ್ನ್ ಎಸೆಯಲಿಲ್ಲ. ಒಬ್ಬರೂ ಬೈಯಲಿಲ್ಲ. ಹಾರ್ಲನ್ ಎದ್ದು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು ಶುರು ಮಾಡಿದ, "ಚೌಕ ಹಲಗೆಯ ಮೇಲಿಂದ ದಾಟಿದ ಚೆಂಡು ಹೊರಗೆ..." ಡಾಟಿ ಎದ್ದಳು, ಬಂಕಿನವನು ಎದ್ದ, ಪಾದ್ರಿ ಎದ್ದರು. "ಬೀಸಣಿಗೆ ಹಲಗೆಯ ಮೇಲಿಂದ ದಾಟಿದ ಚೆಂಡು ಒಳಗೇ!" ಒಂಬೈನೂರು ಬಾಯಿ, ಒಂದೇ ದನಿ, ಒಂದಕ್ಷರ ತಪ್ಪಿಲ್ಲ. ಕೆಟಲ್ ಬೆಂಡಿನ ಕೋಚ್ ತಲೆ ಮೇಲೆ ಕೈ ಹೊತ್ತು, "ಸರಿಯಾಗೇ ಹೇಳ್ತಿದಾರಲ್ಲಪ್ಪಾ" ಅಂದ.

ಎಳಸು ಮೀಸೆಯವನ ಮುಖ ಸುಣ್ಣವಾಗಿತ್ತು. ನನ್ನ ಮೇಜಿಗೆ ಬಂದ. ನಾನು ನಿಯಮದ ಪುಸ್ತಕದ ಆ ಪುಟವನ್ನು ಮೊದಲೇ ತೆರೆದಿಟ್ಟಿದ್ದೆ. ಹಿರಿಯ ರೆಫರಿಯೂ ಬಗ್ಗಿ ಓದಿದ. ಚೆಂಡು ಗಾಳಿಯಲ್ಲಿರುವಾಗ ತಪ್ಪಾಗಿ ಸೀಟಿ ಊದಿದರೆ ಎಸೆತ ಸಾಯುವುದಿಲ್ಲ, ಬಿದ್ದರೆ ಎಣಿಕೆಗೆ ಬರುತ್ತದೆ ಅಂತ ಅವನೇ ಇವನಿಗೆ ಮೆಲ್ಲಗೆ ಹೇಳಿದ. ಆ ಯುವಕ ಎರಡು ಬೆರಳು ಎತ್ತಿ ಇಳಿಸಿದ. ನಾನು ಎರಡು ಪಾಯಿಂಟ್ ಬರೆದೆ. ಒತ್ತಿ ಬರೆದದ್ದಕ್ಕೆ ಪೆನ್ಸಿಲ್ ಮುರಿಯಿತು. ಉಳಿದ ನಾಲ್ಕು ಸೆಕೆಂಡು ಹೇಗೋ ಕಳೆಯಿತು, ನಾವು ಗೆದ್ದೆವು. ಟ್ವೈಲಾ ಯಾರ ಕೈಗೂ ಸಿಗದೆ ಮೂರನೇ ಸಾಲಿಗೆ ಹತ್ತಿ ಓಡಿದಳು.

ಆ ಹೊತ್ತಿನಲ್ಲಿ ನಾನು ವೆಂಡೆಲ್‌ನನ್ನೇ ನೋಡುತ್ತಿದ್ದೆ. ಊರೆಲ್ಲ ಅವನ ಸಾಲನ್ನು ಕೂಗುವಾಗ ಇಡೀ ಜಿಮ್ಮಿನಲ್ಲಿ ಬಾಯಿ ಬಿಡದೆ ಕೂತಿದ್ದವನು ಅವನೊಬ್ಬನೇ. ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ, ಕಣ್ಣಲ್ಲಿ ನೀರು ಹರಿದು ಪೈ ಮೇಲೆ ಬೀಳುತ್ತಿತ್ತು.

"ಅಲ್ವೋ, ನೀನೊಬ್ಬ ಯಾಕೆ ಸುಮ್ನಿದ್ದೆ?" ಅಂತ ಆಮೇಲೆ ಕೇಳಿದೆ.

"ರೆಫರಿ ಮೇಲೆ ಕೂಗಬಾರದು ಮೇವಿಸ್" ಅಂದ.

ಜನ ಹೊರಗೆ ಹಾಡಿಕೊಂಡು ಹೋಗುತ್ತಿದ್ದರು. ಡಾಟಿ ಫೋಟೋವನ್ನು ಮತ್ತೆ ಸರಿಯಾಗಿ ತಿರುಗಿಸಲು ಎಲ್ಲರಿಗಿಂತ ಮುಂಚೆ ಓಡಿದ್ದಳು. ಎಳಸು ಮೀಸೆಯವನು ಬೆಂಚಿನ ತುದಿಯಲ್ಲಿ ಒಬ್ಬನೇ ಕೂತು ಶೂ ದಾರ ಬಿಚ್ಚುತ್ತಿದ್ದ, ಕತ್ತು ಎತ್ತುತ್ತಿರಲಿಲ್ಲ. ಇನ್ನೆಂದೂ ಸೀಟಿ ಹಿಡಿಯುವುದಿಲ್ಲ ಅನ್ನುವ ಹಾಗಿತ್ತು ಅವನು ಕೂತ ಭಂಗಿ. ವೆಂಡೆಲ್ ಹೋಗಿ ಅವನ ಪಕ್ಕ ಕೂತ, ತನ್ನ ಪೈ ತಟ್ಟೆ ಅವನ ಕೈಗಿಟ್ಟ.

"ತಿನ್ನಪ್ಪಾ. ಇದೇ ಹಲಗೆಗೆ ನಾನೂ ಒಂದ್ಸಲ ಹೀಗೇ ತಪ್ಪು ಊದಿ ಪೇಚಾಡಿದ್ದೆ. ಮಾರನೇ ದಿನ ಮತ್ತೆ ಹೋಗಿ ನಿಂತ್ಕೊಂಡೆ."

ಯುವಕ ತಲೆ ಎತ್ತಿದ. "ನಿಜವಾಗ್ಲೂ?"

"ನಿಜವಾಗ್ಲೂ" ಅಂದ ವೆಂಡೆಲ್.

ಅವನು ಮಾರ್ಚಿನಲ್ಲಿ ಲೈಸೆನ್ಸ್ ವಾಪಸ್ ಕಳಿಸಲಿಲ್ಲ, ಇನ್ನೂ ಒಂಬತ್ತು ವರ್ಷ ಸೀಟಿ ಊದಿದ. ನಾನು ಅವನ ಜೀವಮಾನದಲ್ಲಿ ಅವನ ಬಾಯಿಂದ ಕೇಳಿದ ಒಂದೇ ಒಂದು ಸುಳ್ಳು ಆ ಯುವಕನಿಗೆ ಹೇಳಿದ ಮಾತು. ಅದನ್ನು ಮಾತ್ರ ನಾನು ಯಾವ ನಡಾವಳಿಯಲ್ಲೂ ಬರೆಯಲಿಲ್ಲ.